ನೀರು ಬಂದ ಊರಲ್ಲಿ ಈಜು ಬಾರದ ಮಕ್ಕಳು

2022ರ ಸೆಪ್ಟೆಂಬರ್ ಆರಂಭದಲ್ಲಿ, ಶಿರಾ ಗಡಿಯಾಚೆ ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ ಕೋಡಿ ಬಿತ್ತು. 1933ರಲ್ಲಿ ಒಮ್ಮೆ ಹರಿದಿದ್ದ ಆ ಕೋಡಿ ಮತ್ತೆ ಹರಿಯಲು 89 ವರ್ಷ ಬೇಕಾಯಿತು. ಅದೇ ಮಳೆಗಾಲದಲ್ಲಿ ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲೂ ವರ್ಷಾನುಗಟ್ಟಲೆ ಬಿರುಕು ಬಿಟ್ಟು ಬಿದ್ದಿದ್ದ ಕೆರೆಗಳು ಒಂದರ ಹಿಂದೊಂದು ತುಂಬಿದವು. ಜಯಮಂಗಲಿ, ಸುವರ್ಣಮುಖಿ ಮೈದುಂಬಿ ಹರಿದವು. ಊರೂರಲ್ಲಿ ಗಂಗಾಪೂಜೆ, ಬಾಗಿನ, ಕೋಡಿಯ ಮೇಲೆ ಕೈಯಲ್ಲಿ ಮೊಬೈಲ್ ಹಿಡಿದ ಹುಡುಗರ ಗುಂಪು.

ಆ ಸಂಭ್ರಮಕ್ಕೆ ಅಡ್ಡ ಬರುವ ಮನಸ್ಸು ಯಾರಿಗೂ ಇರುವುದಿಲ್ಲ. ವರ್ಷದ ವಾಡಿಕೆ ಮಳೆ 600 ಮಿ.ಮೀ. ಮುಟ್ಟದ ಪಾವಗಡದಂಥ ನೆಲದಲ್ಲಿ ಕೆರೆ ತುಂಬಿದ್ದನ್ನು ಕಂಡು ಹಿಗ್ಗದವರು ಯಾರಿದ್ದಾರೆ? ಆದರೂ ಹೇಳಲೇಬೇಕಾದ ಮಾತೊಂದಿದೆ. ಈ ನಾಲ್ಕು ತಾಲ್ಲೂಕುಗಳಿಗೆ ನೀರು ಮರಳಿ ಬರುತ್ತಿದೆ, ನೀರಿನೊಡನೆ ಬದುಕುವ ವಿದ್ಯೆ ಮಾತ್ರ ಮರಳಿ ಬಂದಿಲ್ಲ. ಈಗಲೇ ಕೆಲಸಕ್ಕೆ ಇಳಿಯದಿದ್ದರೆ ಮುಂದಿನ ಹತ್ತು ವರ್ಷ ನಾವು ಕೆರೆ ತುಂಬಿದ ಸುದ್ದಿಯ ಪಕ್ಕದಲ್ಲೇ ಮಕ್ಕಳು ಮುಳುಗಿದ ಸುದ್ದಿಯನ್ನೂ ಓದುತ್ತೇವೆ.

ಐವತ್ತು ದಾಟಿದ ಯಾರನ್ನಾದರೂ ಕೇಳಿ, ಈಜು ಕಲಿತದ್ದು ಎಲ್ಲಿ ಎಂದು. ತೋಟದ ಬಾವಿಯಲ್ಲಿ ಎನ್ನುತ್ತಾರೆ. ಕಲ್ಲು ಕಟ್ಟಿದ, ಮೆಟ್ಟಿಲಿದ್ದ, ಒಂದು ಕಾಲಕ್ಕೆ ಕಪಿಲೆ ಹೊಡೆಯುತ್ತಿದ್ದ ದೊಡ್ಡ ಬಾವಿ. ಬೇಸಿಗೆ ರಜೆ ಬಂದರೆ ಒಣಗಿದ ಕತ್ತಾಳೆ ಬೆಂಡನ್ನೋ ಸೋರೆಬುರುಡೆಯನ್ನೋ ಬೆನ್ನಿಗೆ ಕಟ್ಟಿ, ನಡುವಿಗೆ ಹಗ್ಗ ಬಿಗಿದು, ಸೋದರಮಾವನೋ ದೊಡ್ಡಪ್ಪನ ಮಗನೋ ಮೇಲಿನಿಂದ ನೂಕುತ್ತಿದ್ದರು. ಹಗ್ಗದ ಇನ್ನೊಂದು ತುದಿ ಮೆಟ್ಟಿಲ ಮೇಲೆ ನಿಂತವರ ಕೈಯಲ್ಲಿರುತ್ತಿತ್ತು. ನಾಲ್ಕು ದಿನಕ್ಕೊಮ್ಮೆ ಒಂದೊಂದು ಬೆಂಡು ಬಿಚ್ಚುತ್ತಿದ್ದರು. ಕೊನೆಗೊಂದು ದಿನ ಬೆಂಡೇ ಇಲ್ಲದೆ ಹುಡುಗ ಆ ದಡ ಮುಟ್ಟಿ ಬರುತ್ತಿದ್ದ. ತೇಲಿಸುವ ಸಾಧನ, ದಡದಲ್ಲಿ ಕಣ್ಣಿಟ್ಟ ದೊಡ್ಡವರು, ಹಂತಹಂತದ ಕಲಿಕೆ ಎಂದು ಇವತ್ತಿನ ತರಬೇತುದಾರರು ಹೇಳುವುದೆಲ್ಲ ಅಲ್ಲಿ ಇತ್ತು. ಆ ಕಾಲವನ್ನು ಹೊಗಳಿ ಸುಮ್ಮನಾಗಲಾರೆ, ಏಕೆಂದರೆ ಹೆಣ್ಣುಮಕ್ಕಳಿಗೆ ಆ ಬಾವಿ ಬಹುಮಟ್ಟಿಗೆ ಸಿಗಲೇ ಇಲ್ಲ, ದಲಿತರ ಮಕ್ಕಳನ್ನು ಎಷ್ಟೋ ಬಾವಿಗಳ ಹತ್ತಿರಕ್ಕೂ ಬಿಟ್ಟುಕೊಳ್ಳುತ್ತಿರಲಿಲ್ಲ. ಆದರೂ ಒಂದು ಊರಿನಲ್ಲಿ ಈಜು ಬಲ್ಲವರು ಹತ್ತಾರು ಮಂದಿ ಇರುತ್ತಿದ್ದರು. ಯಾರಾದರೂ ನೀರಿಗೆ ಬಿದ್ದರೆ ಕೂಗಿಗೆ ಓಗೊಟ್ಟು ಧುಮುಕಲು ಜನವಿತ್ತು.

ಆಮೇಲೆ ಕೊಳವೆಬಾವಿ ಬಂತು. ಅಂತರ್ಜಲ ನೂರಾರು ಅಡಿ ಕೆಳಗಿಳಿಯಿತು, ತೆರೆದ ಬಾವಿಗಳು ಬತ್ತಿ ಕಸ ತುಂಬುವ ಗುಂಡಿಗಳಾದವು. ಕೆರೆಗಳಿಗೆ ಬರುವ ಹಳ್ಳಗಳು ಮುಚ್ಚಿದವು. ತೊಂಬತ್ತರ ದಶಕದಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಇಲ್ಲಿ ನೀರೆಂದರೆ ಟ್ಯಾಂಕರ್, ಸಿಸ್ಟನ್, ಪಾವಗಡದ ಕಡೆಯಾದರೆ ಫ್ಲೋರೈಡ್ ಭಯಕ್ಕೆ ಶುದ್ಧೀಕರಣ ಘಟಕದ ಕ್ಯಾನ್. ಇಳಿದು ಆಡುವ ನೀರು ಅವರು ಕಂಡದ್ದಲ್ಲ. ಅವರೇ ಈಗ ಅಪ್ಪ ಅಮ್ಮಂದಿರು. ತಮಗೆ ಬಾರದ್ದನ್ನು ಮಕ್ಕಳಿಗೆ ಕಲಿಸುವುದಾದರೂ ಹೇಗೆ?

ಬತ್ತಿದ್ದ ಕಾಲದಲ್ಲಿ ಕೆರೆಯೂ ಬದಲಾಯಿತು. ಹಳೆಯ ಕೆರೆಯ ಅಂಗಳ ದಡದಿಂದ ಏರಿಯ ಕಡೆಗೆ ನಿಧಾನವಾಗಿ ಇಳಿಜಾರಾಗಿರುತ್ತಿತ್ತು. ಮೊಣಕಾಲು, ಸೊಂಟ, ಎದೆ ಎಂದು ನೀರು ತಾನೇ ಎಚ್ಚರಿಸುತ್ತಿತ್ತು. ಒಣಗಿದ ವರ್ಷಗಳಲ್ಲಿ ಅದೇ ಅಂಗಳಕ್ಕೆ ಜೆಸಿಬಿ ಇಳಿಯಿತು. ತೋಟಕ್ಕೆ ಗೋಡುಮಣ್ಣು, ಇಟ್ಟಿಗೆ ಗೂಡಿಗೆ ಜೇಡಿಮಣ್ಣು, ರಸ್ತೆಗೆ ಗ್ರಾವೆಲ್. ಎಲ್ಲಿ ಮಣ್ಣು ಚೆನ್ನಾಗಿತ್ತೋ ಅಲ್ಲಿ ಹತ್ತು ಹದಿನೈದು ಅಡಿ ನೆಟ್ಟಗೆ ಕಡಿದು, ಪಕ್ಕದಲ್ಲಿ ಹಾಗೇ ಬಿಟ್ಟರು. ನೀರು ಬಂದ ಮೇಲೆ ಇದು ಯಾವುದೂ ಕಾಣುವುದಿಲ್ಲ. ಕೆಮ್ಮಣ್ಣಿನ ನೀರು, ಅಂಗೈ ಮುಳುಗಿದರೆ ಬೆರಳು ಕಾಣದು. ಮೊಣಕಾಲುದ್ದ ನೀರಿನಲ್ಲಿ ನಿಂತ ಹುಡುಗನ ಮುಂದಿನ ಹೆಜ್ಜೆ ಎರಡಾಳು ಗುಂಡಿಯೊಳಗೆ. ನದಿಯದ್ದೂ ಇದೇ ಕಥೆ. ಜಯಮಂಗಲಿಯ, ಉತ್ತರ ಪಿನಾಕಿನಿಯ ಪಾತ್ರದಲ್ಲಿ ಮರಳು ತೆಗೆದ ಹೊಂಡಗಳು ಹೊಳೆ ಬಂದ ದಿನ ನೀರಿನಡಿ ಅಡಗುತ್ತವೆ. ಅಲ್ಲಿ ದನ ಮೇಯಿಸಿ ಬೆಳೆದವರಿಗೂ ನೆಲದ ಲೆಕ್ಕ ತಪ್ಪುತ್ತದೆ. ಕಲ್ಲು ತೆಗೆದು ಬಿಟ್ಟುಹೋದ ಕ್ವಾರಿಗಳಿಗಂತೂ ದಡವೇ ಇಲ್ಲ. ಸುತ್ತಲೂ ನೇರ ಗೋಡೆ, ಹತ್ತಲು ಒಂದು ಚಾಚೂ ಇರುವುದಿಲ್ಲ.

ಎಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಕೃಷಿ ಹೊಂಡ. 2014ರಲ್ಲಿ ಕೃಷಿಭಾಗ್ಯ ಯೋಜನೆ ಶುರುವಾದಾಗಿನಿಂದ ನಮ್ಮಂಥ ಒಣಭೂಮಿಯ ತಾಲ್ಲೂಕುಗಳಲ್ಲಿ ಇವು ಹೊಲಹೊಲಕ್ಕೂ ಬಂದಿವೆ. ಹತ್ತು ಮೀಟರ್ ಉದ್ದಗಲದ್ದರಿಂದ ಇಪ್ಪತ್ತೊಂದು ಮೀಟರಿನದವರೆಗೆ ಅಳತೆ ಬೇರೆ ಬೇರೆ, ಆಳ ಮಾತ್ರ ಎಲ್ಲದಕ್ಕೂ 3 ಮೀಟರ್, ಅಂದರೆ ಹತ್ತು ಅಡಿ. ಶೇಂಗಾ ಬಿತ್ತಿದ ಮೇಲೆ ಮಳೆ ಕೈಕೊಟ್ಟರೆ ಒಂದು ನೀರು ಕೊಟ್ಟು ಬೆಳೆ ಉಳಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಹೊಂಡ ಬೇಡವೆಂದು ಯಾರೂ ಹೇಳಬಾರದು. ಆದರೆ ಅದರ ಅಂಚಿನಲ್ಲಿ ಒಮ್ಮೆ ಬಗ್ಗಿ ನೋಡಬೇಕು. ನೀರು ಇಂಗದಂತೆ ನಾಲ್ಕೂ ಮಗ್ಗುಲಿಗೆ ಕಪ್ಪು ಪ್ಲಾಸ್ಟಿಕ್ ಹಾಳೆ ಹೊದಿಸಿರುತ್ತಾರೆ. ನೀರಿನ ಮಟ್ಟದ ಕೆಳಗೆ ಅದರ ಮೇಲೆ ಹಸಿರು ಪಾಚಿ ಕಟ್ಟುತ್ತದೆ. ಚೊಂಬು ಮುಳುಗಿಸಲು, ಕೈಕಾಲು ತೊಳೆಯಲು, ತೇಲಿಹೋದ ಚೆಂಡು ಹಿಡಿಯಲು ಕಾಲಿಟ್ಟ ಮಗು ಜಾರಿದರೆ ನೇರ ನಡುವಿಗೆ. ಹಿಡಿಯಲು ಬೇರಿಲ್ಲ, ಹುಲ್ಲಿಲ್ಲ, ಕಲ್ಲಿಲ್ಲ. ಹತ್ತಲು ಹೋದಷ್ಟೂ ಹಾಳೆ ಕೆಳಗೆ ಜಾರಿಸುತ್ತದೆ. ಚೆನ್ನಾಗಿ ಈಜು ಬಲ್ಲವರೂ ಇಲ್ಲಿಂದ ಹೊರಬರಲಾಗದೆ ಸೋತು ಮುಳುಗುತ್ತಾರೆ. ಉಳಿಸಲು ಇಳಿದ ಅಪ್ಪನೋ ಅಮ್ಮನೋ ಅದೇ ಹಾಳೆಯ ಮೇಲೆ ಜಾರುತ್ತಾರೆ. ರಾಜ್ಯದ ಒಂದಲ್ಲ ಒಂದು ಮೂಲೆಯಿಂದ ಪ್ರತಿ ವರ್ಷ ಕೃಷಿ ಹೊಂಡದ ಸಾವಿನ ಸುದ್ದಿ ಬರುತ್ತಲೇ ಇರುವುದು ಇದರಿಂದ.

ಇದಕ್ಕೆ ಪರಿಹಾರ ದುಬಾರಿಯಲ್ಲ. ಹೊಂಡದ ಎರಡು ಎದುರುಬದುರು ದಡಗಳಲ್ಲಿ ಗಟ್ಟಿ ಗೂಟ ನೆಟ್ಟು, ಮೊಳಕ್ಕೊಂದು ಗಂಟು ಹಾಕಿದ ದಪ್ಪ ನೈಲಾನ್ ಹಗ್ಗವನ್ನು ನೀರಿನ ತಳದವರೆಗೆ ಇಳಿಬಿಡಬೇಕು. ಹಗ್ಗಕ್ಕೆ ಹಳೆಯ ಬೈಕ್ ಟೈರುಗಳನ್ನು ಏಣಿಯಂತೆ ಕಟ್ಟಿದರೆ ಇನ್ನೂ ಒಳ್ಳೆಯದು. ಮುಚ್ಚಳ ಬಿಗಿದ ಖಾಲಿ ಕ್ಯಾನೊಂದನ್ನು ಉದ್ದ ಹಗ್ಗಕ್ಕೆ ಕಟ್ಟಿ ಗೂಟಕ್ಕೆ ನೇತುಹಾಕಬೇಕು. ಸುತ್ತ ತಂತಿಬೇಲಿಗೆ ಯೋಜನೆಯಲ್ಲೇ ಸಹಾಯಧನವಿದೆ. ಹೊಂಡ ತೋಡಿಸಿದ ರೈತ ಬೇಲಿಗೂ ಅರ್ಜಿ ಹಾಕಿದನೇ, ಹಗ್ಗ ಕಟ್ಟಿದನೇ ಎಂದು ನೋಡದೆ ಕೊನೆಯ ಬಿಲ್ಲು ಮಾಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮುಂದೆ ಬರುವ ನೀರಿನ ಲೆಕ್ಕವನ್ನೂ ನೋಡಬೇಕು. ಕಳ್ಳಂಬೆಳ್ಳ, ಶಿರಾ ಕೆರೆಗಳಿಗೆ ಹೇಮಾವತಿ ಬರುತ್ತಿದೆ. 2020ರ ಶಿರಾ ಉಪಚುನಾವಣೆಯಲ್ಲಿ ಮದಲೂರು ಕೆರೆಗೆ ನೀರು ಎಂಬುದೇ ದೊಡ್ಡ ಭರವಸೆಯಾಗಿತ್ತು. ಭದ್ರಾ ಮೇಲ್ದಂಡೆ ಯೋಜನೆ ಮಧ್ಯ ಕರ್ನಾಟಕದ 367 ಕೆರೆಗಳನ್ನು ತುಂಬಿಸುವ ಗುರಿಯದ್ದು, ಶಿರಾ ಮತ್ತು ಪಾವಗಡ ಅದರ ವ್ಯಾಪ್ತಿಯಲ್ಲಿವೆ. ಎತ್ತಿನಹೊಳೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಚಾಲನೆ ಸಿಕ್ಕಿತು, ಅದರ ಕಾಲುವೆ ಬರುವುದು ಕೊರಟಗೆರೆಯ ಕಡೆಗೆ. ಕಾಂಕ್ರೀಟ್ ಹೊದಿಸಿದ ಕಾಲುವೆಯೆಂದರೆ ಮೈಲಿಗಟ್ಟಲೆ ಉದ್ದದ ಕೃಷಿ ಹೊಂಡ, ಜೊತೆಗೆ ಸೆಳೆತ ಬೇರೆ. ಮಳೆಯ ಸ್ವಭಾವವೂ ಬದಲಾಗುತ್ತಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ತೇವ ಹಿಡಿದುಕೊಳ್ಳುತ್ತದೆ ಎಂಬುದು ಭೌತವಿಜ್ಞಾನದ ಹಳೆಯ ಲೆಕ್ಕ. ಹಿಡಿದದ್ದು ಒಮ್ಮೆಲೇ ಸುರಿಯುತ್ತದೆ. ಬೆಳಗ್ಗೆ ಬರಿದಾಗಿದ್ದ ಹಳ್ಳ ಸಂಜೆಗೆ ಉಕ್ಕುತ್ತದೆ. ಅರ್ಧ ಅಡಿ ಆಳದ ರಭಸದ ನೀರು ನಿಂತವರನ್ನು ಕೆಡವಬಲ್ಲದು, ಒಂದು ಅಡಿ ನೀರು ಸಣ್ಣ ಕಾರನ್ನು ತೇಲಿಸಬಲ್ಲದು. ತಗ್ಗು ಸೇತುವೆಯ ಮೇಲೆ ನೀರು ಹರಿಯುವಾಗ ಬೈಕ್ ದಾಟಿಸುವ ಧೈರ್ಯಕ್ಕೆ ಈ ಅಂಕಿಗಳ ಮುಂದೆ ಬೆಲೆಯಿಲ್ಲ.

ಕೋಡಿಯ ಕೆಳಗಿನ ಬಂಡೆಗಳ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. 2024ರ ಅಕ್ಟೋಬರಿನಲ್ಲಿ ತುಮಕೂರು ಬಳಿಯ ಮೈದಾಳ ಕೆರೆಯ ಕೋಡಿಯಲ್ಲಿ ವಿದ್ಯಾರ್ಥಿನಿಯೊಬ್ಬಳು ಜಾರಿ ಬಂಡೆಗಳ ಸಂದಿಗೆ ಬಿದ್ದಳು. ರಾತ್ರಿಯೆಲ್ಲ ಅಲ್ಲೇ ಸಿಕ್ಕಿಕೊಂಡಿದ್ದು, ಮರುದಿನ ಅಗ್ನಿಶಾಮಕ ಸಿಬ್ಬಂದಿ ಅವಳನ್ನು ಜೀವಂತವಾಗಿ ಹೊರತೆಗೆದರು. ನೀರು ಸೆಳೆದು ಸಂದಿಗೆ ತುರುಕಿದ ಮೇಲೂ ಬದುಕಿ ಬರುವುದು ತೀರಾ ಅಪರೂಪ. 2025ರ ಅಕ್ಟೋಬರಿನಲ್ಲಿ ಇದೇ ಜಿಲ್ಲೆಯ ಮಾರ್ಕೋನಹಳ್ಳಿ ಜಲಾಶಯದ ಕೆಳಗೆ, ನೀರು ಒಮ್ಮೆಲೇ ಹೆಚ್ಚಿದಾಗ, ಒಂದೇ ಬಂಧುಬಳಗದ ಹಲವರು ಕೊಚ್ಚಿಹೋದರು. ಅಲ್ಲಿ ಸೈಫನ್ ವ್ಯವಸ್ಥೆಯಿದೆ. ಮಟ್ಟ ಮೀರಿದೊಡನೆ ಗೇಟು ಎತ್ತುವವರಿಲ್ಲದೆ ನೀರು ತಾನೇ ಹರಿಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2024ರ ಡಿಸೆಂಬರಿನಲ್ಲಿ ಮುಳುಗು ಸಾವುಗಳ ಬಗ್ಗೆ ಜಾಗತಿಕ ವರದಿ ಹೊರತಂದಿತು. 2021ರಲ್ಲಿ ಲೋಕದಾದ್ಯಂತ ಸುಮಾರು 3 ಲಕ್ಷ ಮಂದಿ ನೀರಲ್ಲಿ ಮುಳುಗಿ ಸತ್ತಿದ್ದಾರೆ. ನೂರಕ್ಕೆ 92 ಸಾವು ಬಡ ಮತ್ತು ಮಧ್ಯಮ ಆದಾಯದ ದೇಶಗಳದ್ದು. ಸತ್ತವರಲ್ಲಿ ಸುಮಾರು ಕಾಲು ಭಾಗ ಐದು ವರ್ಷ ತುಂಬದ ಕೂಸುಗಳು. 2000ದಿಂದ ಈಚೆಗೆ ಸಾವಿನ ದರ ಶೇ 38ರಷ್ಟು ಇಳಿದಿದೆ ಎಂಬ ಸಂಗತಿಯೂ ಅದರಲ್ಲೇ ಇದೆ, ಎಂದರೆ ಇದು ತಡೆಯಲಾಗದ ವಿಧಿಯಲ್ಲ. ನಮ್ಮ ದೇಶದಲ್ಲಿ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ 2022ಕ್ಕೆ ಕೊಟ್ಟ ಲೆಕ್ಕ 38 ಸಾವಿರ ದಾಟುತ್ತದೆ, ಅದರಲ್ಲಿ ಕರ್ನಾಟಕದ ಪಾಲು ಎರಡು ಸಾವಿರಕ್ಕೂ ಮೇಲೆ. ಡೆಂಗಿಗೆ ಹೆದರುವ ನಾವು ಇದಕ್ಕೆ ಹೆದರುವುದಿಲ್ಲ. ನೀರಿನ ಸಾವು ಒಂದೊಂದೇ ಮನೆಗೆ, ಒಂದೊಂದೇ ಊರಿಗೆ ಬರುತ್ತದೆ, ಆದ್ದರಿಂದ ಅದು ಪಿಡುಗಾಗಿ ಕಣ್ಣಿಗೆ ಬೀಳುವುದಿಲ್ಲ.

ಮುಳುಗುವವರು ಕೈಯೆತ್ತಿ ಬೀಸುತ್ತಾರೆ, ಕಾಪಾಡಿ ಎಂದು ಕೂಗುತ್ತಾರೆ ಎಂಬ ಚಿತ್ರ ಸಿನಿಮಾದಿಂದ ಬಂದದ್ದು. ನಿಜದಲ್ಲಿ ಬಾಯಿ ನೀರಿನ ಮೇಲೆ ಬರುವುದು ಕ್ಷಣಮಾತ್ರ, ಆ ಕ್ಷಣ ಉಸಿರೆಳೆದುಕೊಳ್ಳುವುದಕ್ಕೇ ಸಾಲದು. ಕೂಗಲು ಗಾಳಿ ಎಲ್ಲಿಂದ ಬರಬೇಕು? ತೋಳುಗಳು ತಮ್ಮಷ್ಟಕ್ಕೆ ಪಕ್ಕಕ್ಕೆ ಚಾಚಿ ನೀರನ್ನು ಕೆಳಗೆ ಒತ್ತುತ್ತಿರುತ್ತವೆ, ಬೀಸಲು ಬಾರವು. ದೇಹ ನೆಟ್ಟಗೆ ನಿಂತಿರುತ್ತದೆ, ತಲೆ ಹಿಂದಕ್ಕೆ ವಾಲಿರುತ್ತದೆ, ಕಣ್ಣು ಎಲ್ಲೋ ನೆಟ್ಟಿರುತ್ತದೆ. ಈ ಹೋರಾಟ ನಡೆಯುವುದು 20ರಿಂದ 60 ಸೆಕೆಂಡು. ಮಕ್ಕಳದ್ದಾದರೆ ಇನ್ನೂ ಕಡಿಮೆ. ದಡದಲ್ಲಿ ಬಟ್ಟೆ ಒಗೆಯುತ್ತಿರುವ ತಾಯಿಗೆ ಬೆನ್ನ ಹಿಂದೆ ಏನೂ ಕೇಳಿಸುವುದಿಲ್ಲ. ಮಕ್ಕಳ ಗಲಾಟೆ ನಿಂತಿತೆಂದರೆ ತಕ್ಷಣ ತಿರುಗಿ ನೋಡಬೇಕು.

ಈಜು ಬಲ್ಲ ಹುಡುಗರನ್ನು ಕೊಲ್ಲುವ ಆಟವೂ ಒಂದಿದೆ. ಯಾರು ಹೆಚ್ಚು ಹೊತ್ತು ಮುಳುಗು ಹಾಕುತ್ತಾರೆ ಎಂಬ ಪಂದ್ಯ. ಮುಳುಗುವ ಮುಂಚೆ ನಾಲ್ಕಾರು ಸಲ ಜೋರಾಗಿ ಉಸಿರೆಳೆದು ಬಿಡುತ್ತಾರೆ, ಹೆಚ್ಚು ಗಾಳಿ ತುಂಬಿಕೊಂಡೆವು ಎಂದುಕೊಳ್ಳುತ್ತಾರೆ. ಹಾಗೆ ಮಾಡಿದಾಗ ರಕ್ತದ ಆಮ್ಲಜನಕ ಹೆಚ್ಚೇನೂ ಏರುವುದಿಲ್ಲ, ಇಂಗಾಲದ ಡೈಆಕ್ಸೈಡ್ ಮಾತ್ರ ಇಳಿಯುತ್ತದೆ. ಉಸಿರಾಡು ಎಂದು ಮೆದುಳನ್ನು ಎಬ್ಬಿಸುವುದು ಆ ಇಂಗಾಲದ ಡೈಆಕ್ಸೈಡೇ. ಎಚ್ಚರಿಕೆ ಬರುವ ಮೊದಲೇ ಆಮ್ಲಜನಕ ಮುಗಿದು, ಹುಡುಗ ನೀರಿನಡಿಯಲ್ಲೇ ಪ್ರಜ್ಞೆ ತಪ್ಪುತ್ತಾನೆ. ಮೇಲಿನವರು ಅವನು ಗೆಲ್ಲುತ್ತಿದ್ದಾನೆ ಎಂದು ಎಣಿಸುತ್ತಾ ಕೂತಿರುತ್ತಾರೆ.

2023ರ ಆಗಸ್ಟಿನಲ್ಲಿ ತುಮಕೂರಿನ ಸಿದ್ಧಗಂಗಾ ಮಠದ ಬಳಿಯ ಗೋಕಟ್ಟೆಯಲ್ಲಿ ನಾಲ್ವರು ಸತ್ತರು. ಇಬ್ಬರು ಬಾಲಕರು, ಒಬ್ಬ ತಾಯಿ, ಇನ್ನೊಬ್ಬ ಗಂಡಸು. ಒಬ್ಬರು ಮುಳುಗಿದರು, ಉಳಿಸಲು ಇನ್ನೊಬ್ಬರು ಇಳಿದರು. ಜಿಲ್ಲೆಯನ್ನು ನಡುಗಿಸಿದ ಆ ದಿನದ ಸ್ವರೂಪ ಹೊಸದೇನಲ್ಲ. ನಮ್ಮಲ್ಲಿ ಸಾವು ಎರಡಾಗಿ, ಮೂರಾಗಿ ಬರುವುದು ಹೀಗೆಯೇ. ಹಬ್ಬದ ಮುಂಚೆ ಹಾಸಿಗೆ ಹೊದಿಕೆ ಒಗೆಯಲು ಹೋದ ಅಕ್ಕತಂಗಿಯರು, ಗಣಪತಿ ಬಿಡಲು ಹೋದ ಗೆಳೆಯರು, ಹೆತ್ತವರು ಮಕ್ಕಳು. ಮುಳುಗುವವರ ಕೈಗೆ ಸಿಕ್ಕದ್ದನ್ನೆಲ್ಲ ಕೆಳಗೆಳೆಯುವ ಬಲ ಎಷ್ಟಿರುತ್ತದೆಂದು ದಡದಲ್ಲಿ ನಿಂತವರಿಗೆ ಅಂದಾಜಾಗದು. ಈಜು ಬಾರದವರು ನೀರಿಗಿಳಿಯಲೇಬಾರದು ಎಂಬ ಮಾತು ಹೆತ್ತ ಕರುಳಿಗೆ ಕ್ರೂರವಾಗಿ ಕೇಳುತ್ತದೆ. ಅದಕ್ಕೇ ಇಳಿಯಬೇಡಿ ಎಂದಷ್ಟೇ ಹೇಳಿದರೆ ಸಾಲದು, ಇಳಿಯದೆ ಏನು ಮಾಡಬಹುದೆಂದು ಕೈಗೆ ಕೊಡಬೇಕು.

ಮಾಡಬಹುದಾದದ್ದು ಬಹಳವಿದೆ. ದಡದಲ್ಲಿ ಹೊಟ್ಟೆಯ ಮೇಲೆ ಮಲಗಿ ಸೀರೆ, ಪಂಚೆ, ಕೋಲು, ತೆಂಗಿನ ಗರಿ, ಡ್ರಿಪ್ ಪೈಪು, ಏನು ಸಿಕ್ಕರೂ ಚಾಚಬಹುದು. ಮಲಗಿಯೇ ಚಾಚಬೇಕು, ನಿಂತರೆ ಎಳೆತಕ್ಕೆ ನೀವೇ ಬೀಳುತ್ತೀರಿ. ದೂರವಿದ್ದರೆ ತೇಲುವುದನ್ನು ಎಸೆಯಬೇಕು. ಮುಚ್ಚಳ ಬಿಗಿದ ಐದು ಲೀಟರಿನ ಖಾಲಿ ಎಣ್ಣೆ ಕ್ಯಾನು ಹತ್ತಿರ ಹತ್ತಿರ ಐದು ಕಿಲೋ ಭಾರವನ್ನು ಎತ್ತಿ ಹಿಡಿಯುತ್ತದೆ, ಮನುಷ್ಯನ ತಲೆಯ ತೂಕ ಸುಮಾರು ಅಷ್ಟೇ. ದೇಹದ ಮಿಕ್ಕ ಭಾಗವನ್ನು ನೀರೇ ಬಹುಪಾಲು ಹೊತ್ತಿರುತ್ತದೆ. ಬಟ್ಟೆ ಒಗೆಯಲು ತಂದ ಪ್ಲಾಸ್ಟಿಕ್ ಬಿಂದಿಗೆಯನ್ನು ಮಗುಚಿ ತಬ್ಬಿಕೊಂಡರೂ ಒಳಗಿನ ಗಾಳಿ ತೇಲಿಸುತ್ತದೆ. ಜೊತೆಗೆ 112ಕ್ಕೆ ಕರೆ ಮಾಡಬೇಕು, ಆದರೆ ಕೈಕಟ್ಟಿ ಕಾಯಬಾರದು. ಉಸಿರು ನಿಂತ ನಾಲ್ಕಾರು ನಿಮಿಷಕ್ಕೆ ಮೆದುಳಿಗೆ ಹಾನಿ ಶುರುವಾಗುತ್ತದೆ. ತಾಲ್ಲೂಕು ಕೇಂದ್ರದಿಂದ ಗಾಡಿ ಹೊರಟು ಮಿಡಿಗೇಶಿಯಾಚೆಯ ಹಳ್ಳಿಯನ್ನೋ ನಾಗಲಮಡಿಕೆಯ ಸೀಮೆಯನ್ನೋ ಮುಟ್ಟುವ ಹೊತ್ತಿಗೆ ಆ ನಿಮಿಷಗಳು ಉಳಿದಿರುವುದಿಲ್ಲ. ಬದುಕಿಸುವವರು ದಡದಲ್ಲಿ ಇರುವವರೇ.

ಮೇಲೆತ್ತಿದ ಮೇಲೆ ನಮ್ಮಲ್ಲಿ ಆಗುವುದೇನು? ಹೊಟ್ಟೆ ಒತ್ತುತ್ತಾರೆ, ತಲೆಕೆಳಗು ಮಾಡಿ ತಿರುಗಿಸುತ್ತಾರೆ, ನೀರು ಕಕ್ಕಿಸಲು ನೋಡುತ್ತಾರೆ. 2022ರ ಸೆಪ್ಟೆಂಬರಿನಲ್ಲಿ ಬಳ್ಳಾರಿ ತಾಲ್ಲೂಕಿನ ಸಿರವಾರದಲ್ಲಿ ಮುಳುಗಿ ಸತ್ತ ಬಾಲಕನ ದೇಹವನ್ನು ಮನೆಯವರು ಗಂಟೆಗಟ್ಟಲೆ ಉಪ್ಪಿನ ರಾಶಿಯಲ್ಲಿ ಹುದುಗಿಸಿಟ್ಟು ಕಾದರು. ಉಪ್ಪು ನೀರು ಹೀರಿಕೊಂಡು ಜೀವ ಬರಿಸುತ್ತದೆ ಎಂಬ ಸಂದೇಶ ಮೊಬೈಲಿನಲ್ಲಿ ಓಡಾಡುತ್ತಿತ್ತು. 2023ರ ಡಿಸೆಂಬರಿನಲ್ಲಿ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನಲ್ಲಿ ಇಬ್ಬರು ಬಾಲಕರಿಗೂ ಹೀಗೇ ಮಾಡಿದರು. ಆ ತಂದೆತಾಯಿಯರನ್ನು ದೂರಲಾರೆ, ಅವರಿಗೆ ಸರಿಯಾದದ್ದನ್ನು ಹೇಳಿಕೊಡಲು ಅಂದು ಯಾರೂ ಬಂದಿರಲಿಲ್ಲ. ಸುಳ್ಳು ಸಂದೇಶ ಮಾತ್ರ ಬಂದಿತ್ತು.

ಸರಿಯಾದದ್ದು ಇದು. ಮುಳುಗಿದವರನ್ನು ಕೊಲ್ಲುವುದು ಹೊಟ್ಟೆಯ ನೀರಲ್ಲ, ಮೆದುಳಿಗೆ ತಪ್ಪಿದ ಆಮ್ಲಜನಕ. ಆದ್ದರಿಂದ ಮೊದಲು ಕೊಡಬೇಕಾದದ್ದು ಗಾಳಿ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಪ್ರಜ್ಞೆಯಿಲ್ಲ, ಉಸಿರಿಲ್ಲ ಎಂದಾದರೆ ಬಾಯಲ್ಲಿ ಕಾಣುವ ಕೆಸರು, ಜೊಂಡು ತೆಗೆದು, ತಲೆ ಹಿಂದಕ್ಕೆ ಬಾಗಿಸಿ ಗಲ್ಲ ಮೇಲೆತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಐದು ಸಲ ಊದಿ. ಪ್ರತಿ ಸಲ ಎದೆ ಏಳುವುದು ಕಾಣಬೇಕು. ಮಕ್ಕಳಿಗೆ ಮೆಲ್ಲಗೆ ಊದಿದರೆ ಸಾಕು. ಆಮೇಲೆ ಎದೆಯ ನಡುವೆ ಅಂಗೈ ಬುಡವಿಟ್ಟು, ದೊಡ್ಡವರಿಗಾದರೆ ಎರಡಂಗುಲ ಇಳಿಯುವಂತೆ, ಮಕ್ಕಳಿಗಾದರೆ ಎದೆಯ ದಪ್ಪದ ಮೂರನೇ ಒಂದು ಪಾಲು ಇಳಿಯುವಂತೆ, ನಿಮಿಷಕ್ಕೆ ನೂರರಿಂದ ನೂರಿಪ್ಪತ್ತರ ವೇಗದಲ್ಲಿ 30 ಸಲ ಒತ್ತಿ. ಮತ್ತೆ ಎರಡು ಉಸಿರು, ಮತ್ತೆ 30 ಒತ್ತು. 108 ಆಂಬುಲೆನ್ಸಿನವರು ಬಂದು ಕೈಗೆತ್ತಿಕೊಳ್ಳುವವರೆಗೆ ನಿಲ್ಲಿಸಬಾರದು. ನೀರು ಕಕ್ಕಿದರೆ ಪಕ್ಕಕ್ಕೆ ಹೊರಳಿಸಿ ಬಾಯಿ ಒರೆಸಿ ಮುಂದುವರಿಸಿ. ಎದ್ದು ಕೂತು ಚೆನ್ನಾಗಿದ್ದೇನೆ ಎಂದರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು, ನೀರು ಹೊಕ್ಕ ಶ್ವಾಸಕೋಶ ಕೆಲವು ಗಂಟೆಗಳ ನಂತರ ಕೈಕೊಡುವುದುಂಟು.

ಶಾಲೆಗಳ ಪ್ರವಾಸದ ಬಗ್ಗೆ ಒಂದು ಮಾತು. 2024ರ ಡಿಸೆಂಬರ್ 10ರಂದು ಮುರುಡೇಶ್ವರದ ಕಡಲಲ್ಲಿ ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರು ಸತ್ತರು. ಕೋಲಾರವೂ ನಮ್ಮಂತೆಯೇ ಬಯಲುಸೀಮೆ. ಅಲೆಯ ನೀರು ದಡದಿಂದ ಕಡಲಿಗೆ ಮರಳುವಾಗ ಕೆಲವು ಕಡೆ ಕಿರಿದಾದ ಹರಿವಾಗಿ ಒಳಕ್ಕೆ ಸೆಳೆಯುತ್ತದೆ. ಅಲ್ಲಿ ಅಲೆ ಕಡಿಮೆ ಇರುವುದರಿಂದ ಅದೇ ಸುರಕ್ಷಿತ ಜಾಗವೆಂದು ಬಯಲುಸೀಮೆಯ ಕಣ್ಣಿಗೆ ಕಾಣುತ್ತದೆ. ನವೆಂಬರ್, ಡಿಸೆಂಬರಿನಲ್ಲಿ ನಮ್ಮ ತಾಲ್ಲೂಕುಗಳಿಂದ ಕರಾವಳಿಗೆ ಹೊರಡುವ ಬಸ್ಸುಗಳಲ್ಲಿ ಕೂರುವ ಮಕ್ಕಳಲ್ಲಿ ಎಷ್ಟೋ ಮಂದಿ ಕಡಲನ್ನೇ ಅಂದು ಮೊದಲು ನೋಡುವವರು. ಜೀವರಕ್ಷಕರಿಲ್ಲದ ಕಡೆ, ಕೆಂಪು ಬಾವುಟವಿರುವ ಕಡೆ ಪಾದ ನೆನೆಸಲೂ ಬಿಡಬಾರದು.

ತಡೆಯುವ ದಾರಿ ಬಾಂಗ್ಲಾದೇಶದಲ್ಲಿ ಕಣ್ಣೆದುರಿಗಿದೆ. ಮನೆಮನೆಗೊಂದು ಹೊಂಡವಿರುವ ನಾಡು ಅದು. ಅಲ್ಲಿ ಎರಡು ಕೆಲಸ ಮಾಡಿದರು. ಹೆತ್ತವರು ದುಡಿಮೆಯಲ್ಲಿ ತೊಡಗಿರುವ ಬೆಳಗಿನ 9ರಿಂದ ಮಧ್ಯಾಹ್ನ 1ರವರೆಗೆ ಪುಟ್ಟ ಮಕ್ಕಳನ್ನು ಊರಿನ ಶಿಶುಪಾಲನಾ ಮನೆಯಲ್ಲಿ ಕೂರಿಸಿದರು. ದೊಡ್ಡ ಮಕ್ಕಳಿಗೆ ಊರ ಕೊಳದಲ್ಲೇ ಬಿದಿರಿನ ಅಟ್ಟಣೆ ಕಟ್ಟಿ ಈಜು ಕಲಿಸಿದರು. 25 ಮೀಟರ್ ಈಜುವುದು, 30 ಸೆಕೆಂಡು ತೇಲಿ ನಿಲ್ಲುವುದು, ದಡದಿಂದಲೇ ಇನ್ನೊಬ್ಬರಿಗೆ ಕೈಯೊದಗಿಸುವುದು, ಇಷ್ಟೇ ಪಾಠ. 2012ರಲ್ಲಿ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಪಾಲನಾ ಮನೆಗಳಿದ್ದ ಕಡೆ ಪುಟ್ಟ ಮಕ್ಕಳ ಮುಳುಗು ಸಾವು ಶೇ 80ಕ್ಕೂ ಹೆಚ್ಚು ಇಳಿಯಿತು, ಈಜು ಕಲಿತ ಮಕ್ಕಳಲ್ಲಿ ಶೇ 90ಕ್ಕೂ ಹೆಚ್ಚು. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಜೀವ ಉಳಿಸುವ ಲಸಿಕೆ ಸಿಕ್ಕಿದ್ದರೆ ಯಾವ ಸರ್ಕಾರವೂ ಒಂದು ದಿನ ತಡ ಮಾಡುತ್ತಿರಲಿಲ್ಲ.

ನಮ್ಮಲ್ಲಿ ಎರಡಕ್ಕೂ ಬೀಜ ಬಿದ್ದಿದೆ. ಉದ್ಯೋಗ ಖಾತ್ರಿ ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆಗಳು ಬಂದಿವೆ, 4,000 ತೆರೆಯುವುದು ಯೋಜನೆಯ ಗುರಿ. ಕೆರೆಯ ಕೆಳಗಿನ, ಕಾಲುವೆ ಪಕ್ಕದ, ಕೃಷಿ ಹೊಂಡ ಹೆಚ್ಚಿರುವ ಊರುಗಳಿಗೆ ಮೊದಲು ಸಿಗಬೇಕು ಎಂಬ ನಿಯಮವೊಂದನ್ನು ಸೇರಿಸಿದರೆ ಅದೇ ಕೂಸಿನ ಮನೆ ಜೀವರಕ್ಷಕ ಠಾಣೆಯಾಗುತ್ತದೆ. ಇನ್ನು ಈಜು. ಈ ನಾಲ್ಕು ತಾಲ್ಲೂಕು ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಒಬ್ಬ ಉಪನಿರ್ದೇಶಕರ ಕಚೇರಿ, ನಾಲ್ವರು ಕ್ಷೇತ್ರ ಶಿಕ್ಷಣಾಧಿಕಾರಿಗಳು, ಪ್ರತಿ ಸರ್ಕಾರಿ ಶಾಲೆಗೂ ಎಸ್‌ಡಿಎಂಸಿ. ಪ್ರತಿ ಮಗುವನ್ನೂ ಮುಟ್ಟಬಲ್ಲ ಇಂಥ ಇನ್ನೊಂದು ಜಾಲ ನಮ್ಮಲ್ಲಿಲ್ಲ. ಹೂಳೆತ್ತಿ ದುರಸ್ತಿ ಮಾಡಿದ ಕಲ್ಯಾಣಿಗಳಲ್ಲಿ, ಆರು ವರ್ಷ ದಾಟಿದ ಮಕ್ಕಳ ಎದೆಮಟ್ಟಕ್ಕೆ ಅಟ್ಟಣೆ ಹಾಕಿ, ಸುತ್ತ ಬಲೆ ಕಟ್ಟಿ, ದೈಹಿಕ ಶಿಕ್ಷಕರ ಜೊತೆಗೆ ಊರಿನ ಹಳೆಯ ಈಜುಗಾರರನ್ನೂ ಕರೆದು ಕಲಿಸಬಹುದು. ಬೆಂಡು ಕಟ್ಟಲು ಬಲ್ಲ ಕೈಗಳು ಇನ್ನೂ ಇವೆ, ಇನ್ನು ಹದಿನೈದು ವರ್ಷ ಬಿಟ್ಟು ಹುಡುಕಿದರೆ ಸಿಗುವುದಿಲ್ಲ. ಹೆಣ್ಣುಮಕ್ಕಳಿಗೆ ಶಿಕ್ಷಕಿಯರಿಂದಲೇ ಪ್ರತ್ಯೇಕ ವೇಳೆ ಇಡಬೇಕು, ಬಟ್ಟೆ ಒಗೆಯಲು ನೀರಿನಂಚಿಗೆ ಹೆಚ್ಚು ಹೋಗುವವರು ಅವರೇ. ಮೂರ್ಛೆರೋಗವಿರುವ ಮಕ್ಕಳ ಹೆಸರು ಶಿಕ್ಷಕರಿಗೆ ಮೊದಲೇ ಗೊತ್ತಿರಬೇಕು, ಅವರು ಕೈಗೆಟಕುವ ದೂರದಲ್ಲಿ ದೊಡ್ಡವರಿಲ್ಲದೆ ನೀರಿಗಿಳಿಯಬಾರದು.

ಕಲ್ಯಾಣಿ ಸಿದ್ಧವಾಗುವವರೆಗೂ ಕಾಯಬೇಕಾಗಿಲ್ಲ. ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳ ಕೈಯಿಂದಲೇ ಊರಿನ ನೀರಿನ ನಕ್ಷೆ ಬರೆಸಬಹುದು. ಎಲ್ಲಿ ಗುಂಡಿಯಿದೆ, ಯಾವ ಹೊಂಡಕ್ಕೆ ಬೇಲಿಯಿಲ್ಲ, ಯಾವ ಹಾಳು ಬಾವಿಗೆ ಕಟ್ಟೆಯಿಲ್ಲ ಎಂದು ಅವರಷ್ಟು ಚೆನ್ನಾಗಿ ಪಿಡಿಒಗೂ ಗೊತ್ತಿರುವುದಿಲ್ಲ. ಆ ನಕ್ಷೆಯನ್ನು ಪಂಚಾಯಿತಿ ನಿರ್ಣಯಕ್ಕೆ ಸೇರಿಸಿ, ಮಣ್ಣು ತೆಗೆದ ಗುಂಡಿಗಳ ಅಂಚನ್ನು ಇಳಿಜಾರು ಮಾಡಿಸುವ, ಕೆಂಪು ಬಣ್ಣದ ಗೂಟ ನೆಡಿಸುವ ಕೆಲಸವನ್ನು ಕೆರೆ ಒಣಗಿರುವ ತಿಂಗಳುಗಳಲ್ಲೇ ಮುಗಿಸಬೇಕು. ಏಪ್ರಿಲ್ ಎರಡನೇ ವಾರಕ್ಕೆ ಶಾಲೆ ಮುಚ್ಚಿ, ಮಕ್ಕಳು ಬಿಸಿಲಲ್ಲಿ ನೀರು ಹುಡುಕಿಕೊಂಡು ಹೊರಡುತ್ತಾರೆ. ಅಷ್ಟರೊಳಗೆ, ಫೆಬ್ರವರಿಯ ಶನಿವಾರಗಳಲ್ಲಿ, ಶಾಲೆಯ ಅಂಗಳದಲ್ಲೇ ಒಂದು ಪಾಠ ನಡೆಯಲಿ. ಐದು ಲೀಟರಿನ ಕ್ಯಾನಿಗೆ ಹಿಡಿಯಷ್ಟು ಮರಳು ಹಾಕಿ ಮುಚ್ಚಳ ಬಿಗಿಯಬೇಕು, ಗಾಳಿಗೆ ಹಾರದಂತೆ. ಹಿಡಿಕೆಗೆ 10 ಮೀಟರ್ ಹಗ್ಗ ಕಟ್ಟಬೇಕು. ಹಗ್ಗದ ತುದಿಯನ್ನು ಎಡಗಾಲಿನಡಿ ಮೆಟ್ಟಿಕೊಂಡು, ನೆಲದ ಮೇಲೆ ಎಳೆದ ಗೆರೆಯಾಚೆ ಕೂತ ಗೆಳತಿಯ ತಲೆಯ ಮೇಲಿಂದ ಹಿಂದಕ್ಕೆ ಬೀಳುವಂತೆ ಎಸೆಯಬೇಕು, ಹಗ್ಗ ಅವಳ ಹೆಗಲ ಮೇಲೆ ಬರುವಂತೆ. ಆರನೇ ತರಗತಿಯ ಮಗು ಒಂದು ಮಧ್ಯಾಹ್ನದಲ್ಲಿ ಇದನ್ನು ಕಲಿಯುತ್ತದೆ.